ಮೊರಿಟಾ ಮೇಷ್ಟರ ಜಾಗ

ಮಾಲೂರು ಸ್ಟೇಷನ್

ಜಪಾನಿನ ಜನ ಹೇಗೆ ಎಂದು ಈಗ ಯಾರಾದರೂ ಕೇಳಿದರೆ, ಉತ್ತರ ಹೇಳುವ ಮೊದಲು ನಾನು ಕೇಳಿದವರ ಮುಖ ನೋಡುತ್ತೇನೆ. ಯುದ್ಧದ ಕಾಲದ ಪತ್ರಿಕೆಗಳನ್ನು ಓದಿಕೊಂಡವರಿಗೆ ಬೇಕಾದ ಉತ್ತರ ಒಂದು, ನನ್ನ ಹತ್ತಿರ ಇರುವುದು ಇನ್ನೊಂದು. ಪತ್ರಿಕೆಯವರು ಬರೆದದ್ದು ಸುಳ್ಳು ಎಂದು ನಾನು ವಾದಿಸುವುದಿಲ್ಲ. ಆದರೆ ಯುದ್ಧಕ್ಕೆ ಕೆಲವು ವರ್ಷ ಮುಂಚೆ ಆ ದೇಶಕ್ಕೆ ಹೋದ ನಾನು ಅವರ ಸೈನ್ಯವನ್ನು ನೋಡಿದ್ದು ಕಡಿಮೆ. ನಾನಿದ್ದದ್ದು ಒಬ್ಬ ಇಂಗ್ಲಿಷ್ ಮೇಷ್ಟರ ಮನೆಯ ಮಹಡಿಯ ಮೇಲೆ. ನನಗೆ ಗೊತ್ತಿರುವುದು ಆ ಮೇಷ್ಟರು. ಅವರ ವಿಷಯವನ್ನೇ ಹೇಳುತ್ತೇನೆ.

ನಾನು ಲಕ್ಕೂರಿನ ಕಡೆಯವನು, ಹೆಸರು ಮುನಿವೆಂಕಟಪ್ಪ. ನಮ್ಮದು ರಾಗಿ ಬೆಳೆದು, ಹಿಪ್ಪುನೇರಳೆ ಸೊಪ್ಪು ಹಾಕಿ ರೇಷ್ಮೆ ಹುಳು ಸಾಕುವ ಮನೆ. ನಾನೊಬ್ಬ ಮಾತ್ರ ಹೇಗೋ ಬಿ.ಎ. ಮುಗಿಸಿ ಶ್ರೀನಿವಾಸಪುರದ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಹಾಗಿರುವಾಗ ರೇಷ್ಮೆ ವ್ಯಾಪಾರಕ್ಕೆಂದು ಕೋಲಾರಕ್ಕೆ ಬಂದಿದ್ದ ಒಬ್ಬ ಸೇಟು ಸಿಕ್ಕಿದ. ಅವನ ಅಂಗಡಿ ಇದ್ದದ್ದು ಜಪಾನಿನ ಕೋಬೆಯಲ್ಲಿ. ಅಲ್ಲಿ ಒಂದು ಗುಡ್ಡಗಾಡಿನ ರೇಷ್ಮೆ ಊರಿನಲ್ಲಿ ವ್ಯಾಪಾರದ ವಿದ್ಯೆ ಕಲಿಸುವ ಶಾಲೆ ಇದೆ, ಅದಕ್ಕೆ ಬಾಯಿಬಿಟ್ಟು ಇಂಗ್ಲಿಷ್ ಮಾತಾಡುವ ಮೇಷ್ಟರೊಬ್ಬರು ಬೇಕು, ಇಂಗ್ಲಿಷಿನವರು ಆ ಮೂಲೆಗೆ ಬರುವುದಿಲ್ಲ ಎಂದ. ನನಗೆ ಆಗ ಇಪ್ಪತ್ತಾರು. ಹುಚ್ಚಿಗೆ ಅದಕ್ಕಿಂತ ಒಳ್ಳೆಯ ವಯಸ್ಸು ಇಲ್ಲ.

ಮಾಲೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅಮ್ಮ ಮದ್ರಾಸಿನ ಗಾಡಿ ಬರುವ ತನಕ ವಾದ ಮಾಡಿದಳು.

"ಏನ್ಲಾ, ಇಂಗ್ಲಿಷ್ ಹೇಳ್ಕೊಡೋಕೆ ಸಮುದ್ರ ದಾಟ್ಬೇಕಾ? ಶ್ರೀನಿವಾಸಪುರದ ಹುಡುಗ್ರಿಗೆಲ್ಲಾ ಬಂದ್ಬಿಡ್ತಾ?"

"ಬರ್ಲಿಲ್ಲಮ್ಮ. ಅದಕ್ಕೇ ಬೇರೆ ಹುಡುಗ್ರನ್ನ ನೋಡಾಣ ಅಂತ."

"ಅಲ್ಲಿ ಏನ್ ತಿಂತಾರಂತೆ?"

"ಅನ್ನ, ಮೀನು."

"ಸಾರು?"

ಅದನ್ನು ಸೇಟುವನ್ನು ಕೇಳುವುದು ನನಗೆ ಮರೆತೇ ಹೋಗಿತ್ತು. ಅಮ್ಮ ನನ್ನ ಮುಖ ನೋಡಿ ಎಲ್ಲವನ್ನೂ ತಿಳಿದುಕೊಂಡಳು. ಟ್ರಂಕಿನಲ್ಲಿ ರಾಗಿ ಹುರಿಹಿಟ್ಟು, ಹರಳೆಣ್ಣೆ, ಸೀಗೆಪುಡಿ, ಒಂದು ಹಿತ್ತಾಳೆ ಚೊಂಬು ಇವೆಯೇ ಎಂದು ಇನ್ನೊಮ್ಮೆ ನೋಡಿಸಿದಳು. ಗಾಡಿ ಬಂದಾಗ, "ಪೋನೀಲೇರಾ, ಹೋಗ್ಬಾ," ಎಂದಳು. ಅಮ್ಮನ ಬಾಯಿಗೆ ತೆಲುಗು ಬಂತೆಂದರೆ ಅಳು ಹತ್ತಿರದಲ್ಲಿದೆ ಎಂದೇ ಲೆಕ್ಕ. ನಾನು ಬೇಗ ಹತ್ತಿಕೊಂಡೆ.

ಕೋಬೆಯಿಂದ ಮುಂದಕ್ಕೆ

ಸಮುದ್ರದ ವರ್ಣನೆಯನ್ನು ನನ್ನಿಂದ ಯಾರೂ ನಿರೀಕ್ಷಿಸಬೇಡಿ. ಕೊಲಂಬೊದಿಂದ ಕೋಬೆಯವರೆಗೆ ನಾನು ನೋಡಿದ್ದು ಹಡಗಿನ ಒಂದು ಬಕೆಟ್ಟಿನ ತಳ. ಕೋಬೆಯ ನೆಲದ ಮೇಲೆ ಇಳಿದ ಮೇಲೂ ಎರಡು ದಿನ ನನ್ನ ಕಾಲ ಕೆಳಗೆ ಭೂಮಿ ಓಲಾಡುತ್ತಿತ್ತು.

ಸೇಟು ತಾನೇ ನನ್ನನ್ನು ಆ ಊರಿಗೆ ಕರೆದುಕೊಂಡು ಹೊರಟ. ರೈಲಿನ ಒಳಗಿನ ಶುಭ್ರತೆ ನೋಡಿ ನನಗೆ ಉಸಿರು ಬಿಡಲು ಸಂಕೋಚವಾಯಿತು. ಜನ ಮರದ ಡಬ್ಬಿಗಳಲ್ಲಿ ಊಟ ತಂದುಕೊಂಡು, ಮುಗಿಸಿ, ಡಬ್ಬಿಯನ್ನು ಮತ್ತೆ ದಾರದಲ್ಲಿ ಕಟ್ಟಿ ಸೀಟಿನ ಕೆಳಗೆ ಇಡುತ್ತಿದ್ದರು. ನಮ್ಮ ಬಂಗಾರಪೇಟೆ ಗಾಡಿಯಲ್ಲಿ ಕಡಲೆಕಾಯಿ ಸಿಪ್ಪೆಯ ಮೇಲೆ ಕಾಲಿಟ್ಟು ಬೆಳೆದ ನನಗೆ ಇದು ರೈಲು ಎಂದು ಒಪ್ಪಿಕೊಳ್ಳುವುದೇ ಕಷ್ಟವಾಯಿತು. ಬೆಟ್ಟಗಳು ಶುರುವಾದ ಮೇಲೆ ಎರಡೂ ಕಡೆ ಹಿಪ್ಪುನೇರಳೆ ತೋಟಗಳು ಬಂದವು. ಗಿಡ ನಮ್ಮದಕ್ಕಿಂತ ಎತ್ತರ, ಆದರೆ ಎಲೆ ಅದೇ ಎಲೆ. ಕಿಟಕಿಗೆ ಮುಖ ಒತ್ತಿಕೊಂಡು ಕೂತೆ. ಲಕ್ಕೂರು ಇನ್ನೇನು ಬಂತು ಎಂದು ಮನಸ್ಸು ಹೇಳುತ್ತಿತ್ತು.

ಆಗ ಸೇಟು ತನ್ನ ಉರ್ದುವಿನಲ್ಲಿ ತಣ್ಣಗೆ ಒಂದು ಮಾತು ಹೇಳಿದ. "ಮಾಸ್ಟರ್ ಸಾಬ್, ಒಂದು ವಿಷಯ ತಿಳಿದುಕೊಂಡಿರಿ. ಆ ಶಾಲೆಯಲ್ಲಿ ಈಗ ಒಬ್ಬ ಇಂಗ್ಲಿಷ್ ಮೇಷ್ಟ್ರು ಇದ್ದಾನೆ. ವಯಸ್ಸಾದವನು. ಎಲ್ಲಾ ಪುಸ್ತಕದಿಂದ ಕಲಿತಿದ್ದು. ಅವನ ಹುಡುಗರು ಯೊಕೊಹಾಮಾದ ವ್ಯಾಪಾರಿಗಳ ಮುಂದೆ ಬಾಯಿ ಬಿಡೋದಿಲ್ಲ. ಮಾರ್ಚಿ ಬಂದರೆ ಅವರ ವರ್ಷ ಮುಗಿಯುತ್ತೆ. ಅವನನ್ನು ಕಳಿಸಿ ಆ ಜಾಗದಲ್ಲಿ ನಿಮ್ಮನ್ನು ಕೂರಿಸುತ್ತಾರೆ."

"ಅವರಿಗೆ ಗೊತ್ತಾ ಇದು?"

"ಈ ದೇಶದಲ್ಲಿ ಯಾರೂ ಯಾರಿಗೂ ಏನೂ ಹೇಳೋದಿಲ್ಲ. ಎಲ್ಲರಿಗೂ ಎಲ್ಲಾ ಗೊತ್ತಿರುತ್ತೆ," ಎಂದು ಸೇಟು ಕಿತ್ತಳೆ ಸುಲಿಯತೊಡಗಿದ.

ನಾನು ಮಾಲೂರಿನಲ್ಲಿ ಗಾಡಿ ಹತ್ತಿದ್ದು ಇನ್ನೊಬ್ಬನ ಅನ್ನದ ತಟ್ಟೆಗೆ ಕೈ ಹಾಕುವುದಕ್ಕಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಹೋಗಿಬಿಡಲೇ ಎನ್ನಿಸಿತು. ಆದರೆ ವಾಪಸಿನ ದಾರಿಯಲ್ಲಿ ಆ ಹಡಗು ಇತ್ತು.

ಊರು ಬಂತು. ಪ್ಲಾಟ್‌ಫಾರಮ್ಮಿನ ಮೇಲೆ ಕರಿ ಕೋಟಿನ, ಸಣ್ಣ ಗಡ್ಡದ, ಕೊಕ್ಕರೆಯಂತೆ ತೆಳ್ಳಗಿನ ಒಬ್ಬರು ನಿಂತಿದ್ದರು. ನಡು ಬಗ್ಗಿಸಿ ನಮಸ್ಕರಿಸಿದರು. ನಾನು ಕೈ ಮುಗಿದೆ. ನಾನು ಕೈ ಇಳಿಸಿದರೆ ಅವರು ಇನ್ನೂ ಬಗ್ಗಿದ್ದರು, ಮತ್ತೆ ಕೈ ಮುಗಿದೆ, ಅವರು ಏಳುತ್ತಿದ್ದವರು ಮತ್ತೆ ಬಗ್ಗಿದರು. ಇದು ಮುಗಿಯುವ ಲಕ್ಷಣ ಕಾಣದೆ ಸೇಟು ನಡುವೆ ಬಂದು ನಿಂತ. ಆಗ ಅವರು ನನ್ನ ಟ್ರಂಕನ್ನು ಎತ್ತಿಕೊಂಡರು. ನಾನು ಎಳೆದರೂ ಬಿಡಲಿಲ್ಲ. ಎತ್ತಿಕೊಂಡೇ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರು. ಅದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ:

"ದೀರ್ಘವಾದ ಸಮುದ್ರಯಾನದಿಂದ ತಾವು ಬಹಳವಾಗಿ ಬಳಲಿರುವಿರೆಂದು ಭಾವಿಸುವೆನು. ನನ್ನ ಹೆಸರು ಮೊರಿಟಾ. ತಾವು ನನ್ನ ಬಡ ಗೃಹದಲ್ಲಿ ವಾಸಿಸತಕ್ಕದ್ದೆಂದು ಶಾಲೆಯವರು ಏರ್ಪಾಡು ಮಾಡಿರುವರು."

ಸೇಟು ನನ್ನ ಕಿವಿಯ ಹತ್ತಿರ, "ಅವನೇ ಇವನು," ಎಂದ.

ಮೇಷ್ಟರ ಮನೆ

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಆಕೆಯನ್ನು ನಾನು ಓಕುಸಾನ್ ಎಂದು ಕರೆಯಬೇಕಿತ್ತು, ನಾವು ಯಜಮಾನಿ ಅಮ್ಮನವರು ಎನ್ನುವಂತೆ. ಆಕೆಗೆ ಇಂಗ್ಲಿಷ್ ಬಾರದು, ನನಗೆ ಜಪಾನಿ ಬಾರದು. ಆದರೂ ಊಟದ ವಿಷಯದಲ್ಲಿ ಆಕೆಗೂ ಲಕ್ಕೂರಿನ ನನ್ನ ಅಮ್ಮನಿಗೂ ಏನೂ ವ್ಯತ್ಯಾಸವಿರಲಿಲ್ಲ. ಸಾಕು ಎಂದು ಕೈ ಅಡ್ಡ ಹಿಡಿದಾಗಲೇ ಇನ್ನೊಂದು ಬಟ್ಟಲು ಅನ್ನ ಬೀಳುತ್ತಿತ್ತು. ಸಾರೂ ಇತ್ತು. ಅಮ್ಮನಿಗೆ ಮೊದಲ ಕಾಗದದಲ್ಲಿ ಅದನ್ನೇ ಬರೆದೆ. ಆ ಸಾರಿಗೆ ಖಾರ ಇಲ್ಲ ಎನ್ನುವುದನ್ನು ಬರೆಯಲಿಲ್ಲ.

ಚಪ್ಪಲಿ ಹೊರಗೆ ಬಿಡುವುದು, ಚಾಪೆಯ ಮೇಲೆ ಚಕ್ಕಂಬಕ್ಕಳ ಕೂರುವುದು, ಸಾರನ್ನು ಸೊರ್ ಎಂದು ಸದ್ದು ಮಾಡಿ ಕುಡಿಯುವುದು, ಇವೆಲ್ಲ ನನಗೆ ಹುಟ್ಟಿನಿಂದ ಬಂದ ವಿದ್ಯೆಗಳು. ಬೆಂಗಳೂರಿನ ಹಾಸ್ಟೆಲಿನಲ್ಲಿ ಯಾವುದಕ್ಕಾಗಿ ನನ್ನನ್ನು ಹಳ್ಳಿಗಮಾರ ಎಂದಿದ್ದರೋ ಅದಕ್ಕೆ ಇಲ್ಲಿ ಓಕುಸಾನ್ ಮೆಚ್ಚುಗೆಯಿಂದ ತಲೆದೂಗುತ್ತಿದ್ದರು. ಹಾಗಾಗಿ ನನಗೆ ಸ್ವಲ್ಪ ಕೊಬ್ಬು ಬಂತು. ಕೊಬ್ಬು ಇಳಿದದ್ದು ಶನಿವಾರದ ಎಣ್ಣೆಸ್ನಾನದಲ್ಲಿ.

ಅವರ ಬಚ್ಚಲಲ್ಲಿ ಒಬ್ಬ ಮನುಷ್ಯ ಕತ್ತಿನ ತನಕ ಕೂರುವಷ್ಟು ದೊಡ್ಡ ಮರದ ತೊಟ್ಟಿ ಇರುತ್ತದೆ, ಅದರ ತುಂಬ ಬಿಸಿನೀರು. ಅತಿಥಿ ಮೊದಲು, ಆಮೇಲೆ ಯಜಮಾನ, ಕೊನೆಗೆ ಯಜಮಾನಿ. ನಾನು ಅಮ್ಮ ಕೊಟ್ಟ ಹರಳೆಣ್ಣೆಯನ್ನು ತಲೆಯಿಂದ ಕಾಲಿನವರೆಗೆ ತಟ್ಟಿ ತಿಕ್ಕಿಕೊಂಡು ತೊಟ್ಟಿಯೊಳಗೆ ಇಳಿದು, ಎಣ್ಣೆ ಚೆನ್ನಾಗಿ ಇಳಿಯಲಿ ಎಂದು ಸುಖವಾಗಿ ಕೂತೆ. ಆಮೇಲೆ ಸೀಗೆಪುಡಿ ಹಾಕಿ ಉಜ್ಜಿಕೊಂಡು ಬಂದೆ. ಅಲ್ಲಿಯ ಪದ್ಧತಿ ಬೇರೆ. ಹೊರಗೆ ಕೂತು ಮೈಯನ್ನು ಚೆನ್ನಾಗಿ ತೊಳೆದುಕೊಂಡು, ಆಮೇಲೆ ಬರೀ ಬಿಸಿಗೆಂದು ತೊಟ್ಟಿಗೆ ಇಳಿಯಬೇಕು. ಅದೇ ನೀರಿನಲ್ಲಿ ಉಳಿದವರೂ ಕೂರಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೊರಿಟಾ ಮೇಷ್ಟರು ಒಳಗೆ ಹೋದರು, ಹಾಡು ಗುನುಗುವ ಅಭ್ಯಾಸವಿದ್ದವರು ಅಂದು ಗುನುಗಲಿಲ್ಲ. ಅವರ ಹಿಂದೆ ಓಕುಸಾನ್ ಹೋದರು. ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಊಟದ ಮಣೆಯ ಮುಂದೆ ಹೊಸ ಹಿತ್ತಾಳೆ ಪಾತ್ರೆಗಳ ಹಾಗೆ ಹೊಳೆಯುತ್ತ ಕೂತಿದ್ದರು.

"ತಮ್ಮ ದೇಶದ ಸ್ನಾನವು ಚರ್ಮಕ್ಕೆ ಬಹಳ ಹಿತಕರವಾದುದು," ಎಂದರು ಮೇಷ್ಟರು. ಅಷ್ಟೇ. ನನಗೆ ಸಂಗತಿ ತಿಳಿದದ್ದು ಎರಡು ವಾರದ ಮೇಲೆ, ಶಾಲೆಯ ಇನ್ನೊಬ್ಬ ಮೇಷ್ಟರಿಂದ. ಅಷ್ಟರಲ್ಲಿ ಇನ್ನೂ ಎರಡು ಶನಿವಾರ ಕಳೆದಿದ್ದವು.

ಸಾಲ ತೀರಿತು ಎನ್ನುವ ಹಾಗೆ ಓಕುಸಾನ್ ಕೂಡ ಒಂದು ತಪ್ಪು ಮಾಡಿದರು. ಮನೆಯ ಒಳಕೋಣೆಯಲ್ಲಿ ಅವರು ಒಂದು ಚಿತ್ರಪಟ ತೂಗುಹಾಕಿ, ಅದರ ಕೆಳಗೆ ಹೂವಿಡುವ ಒಂದು ಗೂಡು ಮಾಡಿರುತ್ತಾರೆ. ನಮ್ಮ ದೇವರಮನೆಯಷ್ಟೇ ಗೌರವ ಅದಕ್ಕೆ. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಅಲ್ಲಿ ಹುಣಸೆಹುಳಿ ಹಾಕಿ ಬೆಳಗಿದ ಹಾಗೆ ಥಳಥಳಿಸುತ್ತಿದ್ದ ನನ್ನ ಹಿತ್ತಾಳೆ ಚೊಂಬು, ಅದರಲ್ಲಿ ಎರಡು ಸೇವಂತಿಗೆ. ಆ ಚೊಂಬನ್ನು ನಾನು ದಿನಾ ಬೆಳಿಗ್ಗೆ ಹಿತ್ತಲಿಗೆ ಯಾವ ಕೆಲಸಕ್ಕೆ ಒಯ್ಯುತ್ತಿದ್ದೆ ಎನ್ನುವುದು ಆಕೆಗೆ ಹೊಳೆದಿರಲಿಲ್ಲ. ಇಷ್ಟು ಸುಂದರವಾದ ಪಾತ್ರೆಯನ್ನು ಕತ್ತಲಲ್ಲಿ ಇಟ್ಟಿದ್ದೀರಲ್ಲ ಎಂದು ಸನ್ನೆಯಿಂದ ಗದರಿಸಿದರು. ನಾನು ಪೇಟೆಗೆ ಹೋಗಿ ಒಂದು ತಗಡಿನ ಚೊಂಬು ತಂದುಕೊಂಡೆ.

ಶಾಲೆ

ದಿನಾ ಬೆಳಿಗ್ಗೆ ಓಕುಸಾನ್ ಬಾಗಿಲ ಹತ್ತಿರ ಕೂತು ನಮ್ಮನ್ನು ಕಳಿಸಿಕೊಡುತ್ತಿದ್ದರು, ಮೇಷ್ಟರೂ ನಾನೂ ಅಕ್ಕಪಕ್ಕ ಶಾಲೆಗೆ ನಡೆಯುತ್ತಿದ್ದೆವು. ಶಾಲೆಯಲ್ಲಿ ನಾನು ಮುನಿ ಸೆನ್ಸೇ ಆದೆ. ಸೆನ್ಸೇ ಎಂದರೆ ಮೇಷ್ಟ್ರು. ಮುನಿ ಎನ್ನುವುದು ಅವರಲ್ಲಿಯೂ ಬುದ್ಧನ ಹೆಸರಿನ ತುಂಡು, ಆದ್ದರಿಂದ ಬುದ್ಧನ ದೇಶದಿಂದ ಬಂದ ನನಗೆ ಸರಿಯಾದ ಹೆಸರೇ ಸಿಕ್ಕಿತೆಂದು ಎಲ್ಲರಿಗೂ ಸಮಾಧಾನ. ನಮ್ಮೂರಲ್ಲಿ ಬೀದಿಗೆ ನಾಲ್ಕು ಮುನಿಗಳಿದ್ದಾರೆ, ಒಬ್ಬನಿಗೂ ಬುದ್ಧನ ತಾಳ್ಮೆ ಇಲ್ಲ ಎಂದು ನಾನು ಹೇಳಲಿಲ್ಲ.

ನನಗೆ ಪಾಠದಲ್ಲಿ ಮೊದಮೊದಲು ಜೀವ ಹೋಗುವಂತಾಗುತ್ತಿತ್ತು. ಶ್ರೀನಿವಾಸಪುರದಲ್ಲಿ ಒಂದು ಪ್ರಶ್ನೆ ಹಾಕಿದರೆ ಹತ್ತು ಕೈ ಮೇಲೇಳುತ್ತವೆ, ಅದರಲ್ಲಿ ಒಂಬತ್ತಕ್ಕೆ ಉತ್ತರ ಗೊತ್ತಿರುವುದಿಲ್ಲ. ಇಲ್ಲಿ ಉತ್ತರ ಗೊತ್ತಿದ್ದವನೂ ಕೈ ಎತ್ತುತ್ತಿರಲಿಲ್ಲ. ತಪ್ಪಿದರೆ ನಾಚಿಕೆ, ಸರಿಯಾದರೆ ಪಕ್ಕದವನಿಗಿಂತ ಮುಂದಾದೆನಲ್ಲ ಎಂದು ಇನ್ನೂ ನಾಚಿಕೆ. ನಾನು ಸಿಟ್ಟಿನ ಮನುಷ್ಯ, ಒಂದು ದಿನ ಡಸ್ಟರ್ ಬಿಸಾಕಿದೆ. ಹುಡುಗರು ಎದ್ದು ನಿಂತು ನನಗೆ ತಲೆಬಾಗಿ, ಡಸ್ಟರನ್ನು ತಂದು ಮೇಜಿನ ಮೇಲೆ ನೆಟ್ಟಗೆ ಇಟ್ಟರು. ಆಮೇಲೆ ಬಿಸಾಕುವ ಮನಸ್ಸು ಬರಲಿಲ್ಲ.

ಬಾಯಿ ಬಿಡಿಸಿದ್ದು ಸಂತೆಯ ಆಟ. ಅರ್ಧ ತರಗತಿಯನ್ನು ಮಾರುವವರು, ಅರ್ಧ ತರಗತಿಯನ್ನು ಕೊಳ್ಳುವವರು ಮಾಡಿ, ವಕ್ಕಲೇರಿ ಸಂತೆಯಲ್ಲಿ ನಮ್ಮವರು ಹೇಗೆ ಚೌಕಾಸಿ ಮಾಡುತ್ತಾರೋ ಹಾಗೆ ಕೂಗಿಸಿದೆ. ಎಲ್ಲರೂ ಒಟ್ಟಿಗೆ ಕೂಗುವಾಗ ಯಾರಿಗೂ ನಾಚಿಕೆ ಇಲ್ಲ. ಅವರ ಇಂಗ್ಲಿಷ್ ಮಾತುಗಳ ಬಾಲಕ್ಕೆ ನಮ್ಮ ಹಾಗೆಯೇ ಉಕಾರ ಸೇರುತ್ತಿತ್ತು. ಬಸ್ಸು ಅವರಿಗೂ ಬಸ್ಸೇ. ಕಣ್ಣು ಮುಚ್ಚಿದರೆ ಕೋಲಾರದ ಹೈಸ್ಕೂಲು ಎನ್ನಿಸುತ್ತಿತ್ತು. ನಾನು ಅದನ್ನು ತಿದ್ದಲು ಹೋಗಲಿಲ್ಲ. ತಿದ್ದುವಷ್ಟು ಶುದ್ಧ ನನ್ನ ನಾಲಗೆಯೂ ಇರಲಿಲ್ಲ.

ಈ ಗಲಾಟೆ ಪಕ್ಕದ ಕೋಣೆಗೆ ಕೇಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಮೊರಿಟಾ ಮೇಷ್ಟರು ಹಲಗೆಯ ಮೇಲೆ ವಾಕ್ಯ ಬರೆದು, ಅದನ್ನು ತುಂಡು ತುಂಡು ಮಾಡಿ ವಿವರಿಸುತ್ತಿದ್ದರು. ಹೆಡ್‌ಮಾಸ್ಟರು ವರಾಂಡದಲ್ಲಿ ನಿಂತು ನನ್ನ ತರಗತಿಯನ್ನು ಕೇಳಿ ನಗುತ್ತಿದ್ದರು, ಆಮೇಲೆ ಮೇಷ್ಟರ ತರಗತಿಯ ಮುಂದೆ ಸುಮ್ಮನೆ ಹಾದುಹೋಗುತ್ತಿದ್ದರು.

ಸಂಜೆ ಮನೆಯಲ್ಲಿ ಮೇಷ್ಟರು ಪುಸ್ತಕ ಹಿಡಿದು ನನ್ನ ಎದುರು ಕೂರುತ್ತಿದ್ದರು. ನಾನು ಒಂದು ಸಾಲು ಓದಬೇಕು, ಅವರು ನನ್ನ ತುಟಿಯನ್ನೇ ನೋಡಿ ಅದನ್ನು ಹೇಳಬೇಕು. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ಮನುಷ್ಯ ನಾನು ಬರುವ ತನಕ ಆ ಭಾಷೆ ಆಡುವವನೊಬ್ಬನನ್ನೂ ಕಂಡಿರಲಿಲ್ಲ. 'ವರ್ಲ್ಡ್' ಎನ್ನುವ ಮಾತು ಅವರ ಬಾಯಲ್ಲಿ ಹೊರಳುತ್ತಲೇ ಇರಲಿಲ್ಲ. ಸಾಕು ಸಾರ್ ಎಂದರೆ, ದಯಮಾಡಿ ಇನ್ನೊಂದಾವರ್ತಿ ಎನ್ನುತ್ತಿದ್ದರು.

ಹೊಸ ವರ್ಷ

ಜನವರಿಯಲ್ಲಿ ಹಿಮ ಬಿತ್ತು. ಹೊಸ ವರ್ಷದ ಬೆಳಿಗ್ಗೆ ಓಕುಸಾನ್ ಒಂದು ಬಟ್ಟಲಿನಲ್ಲಿ ಸಾರು ಹಾಕಿ, ಅದರೊಳಗೆ ಬಿಳಿಯ ಒಂದು ಮುದ್ದೆ ಇಟ್ಟು ಕೊಟ್ಟರು. ಅಂಟು ಅಕ್ಕಿಯನ್ನು ಬೇಯಿಸಿ ಒರಳಲ್ಲಿ ಕುಟ್ಟಿ ಮಾಡಿದ್ದು. ಸಾರಿನಲ್ಲಿ ಮುದ್ದೆ. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ತಿಂಗಳಿಂದ ಕಡ್ಡಿಗಳಲ್ಲಿ ಅನ್ನ ಹೆಕ್ಕುತ್ತಿದ್ದ ನಾನು ಕಡ್ಡಿ ಪಕ್ಕಕ್ಕಿಟ್ಟು, ಬೆರಳಿನಲ್ಲಿ ದೊಡ್ಡ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನಮ್ಮ ಕಡೆ ಹೇಗೆ ನುಂಗುತ್ತೇವೋ ಹಾಗೆ ಹಲ್ಲು ತಾಗಿಸದೆ ನುಂಗಿದೆ.

ರಾಗಿಮುದ್ದೆ ಮರ್ಯಾದಸ್ಥ ಪದಾರ್ಥ, ನುಂಗಿದರೆ ಇಳಿಯುತ್ತದೆ. ಇದು ಇಳಿಯಲಿಲ್ಲ. ಗಂಟಲಲ್ಲಿ ಕೂತು ಹಿಗ್ಗಿತು. ಉಸಿರು ನಿಂತಿತು. ಮೇಷ್ಟರ ಮುಖ ಮಸುಕಾಗಿ, ನನ್ನ ಕಣ್ಣ ಮುಂದೆ ಲಕ್ಕೂರಿನ ಕೆರೆ ಕಾಣತೊಡಗಿತು. ಯಾರನ್ನೂ ಬೆರಳಿನಿಂದಲೂ ಮುಟ್ಟದ ಆ ಮನುಷ್ಯ ಮಣೆಯನ್ನು ಹಾರಿ ಬಂದು, ನನ್ನನ್ನು ಬೋರಲು ಬಗ್ಗಿಸಿ, ಬೆನ್ನಿಗೆ ಗುದ್ದಿದರು. ಅಷ್ಟು ತೆಳ್ಳಗಿನ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಮುದ್ದೆ ಹೊರಗೆ ಬಿತ್ತು.

ನಾನು ಉಸಿರು ತೆಗೆದುಕೊಂಡ ಮೇಲೆ ಮೊದಲು ನಕ್ಕವರು ಓಕುಸಾನ್. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ ಎಂದು ನಾನು ವಿವರಿಸಿದೆ. ಮೇಷ್ಟರು ಅದನ್ನು ಹೆಂಡತಿಗೆ ಹೇಳಿದರು. ಆಮೇಲೆ, ಬಾಗಿಲ ಆಚೆಯ ಹಿಮವನ್ನು ನೋಡುತ್ತ, ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು:

"ಮುನಿ ಅವರೇ, ಮಾರ್ಚಿ ತಿಂಗಳೊಳಗಾಗಿ ನನ್ನ ನಾಲಗೆಯು ಸರಿಹೋಗಬಹುದೆಂದು ತಮಗೆ ತೋರುವುದೇ?"

ಅವರಿಗೆ ಗೊತ್ತಿತ್ತು. ಸ್ಟೇಷನ್ನಿನಲ್ಲಿ ನನ್ನ ಟ್ರಂಕು ಎತ್ತಿಕೊಂಡಾಗಲೂ ಗೊತ್ತಿತ್ತು. ನನ್ನ ಎಣ್ಣೆ ನೀರಿನಲ್ಲಿ ಕೂತಾಗಲೂ ಗೊತ್ತಿತ್ತು. ನಾನು, "ಖಂಡಿತ ಆಗುತ್ತೆ ಸಾರ್," ಎಂದೆ. ಅದು ಸುಳ್ಳು ಎನ್ನುವುದೂ ಅವರಿಗೆ ಗೊತ್ತಿತ್ತು ಎಂದು ಕಾಣುತ್ತದೆ.

ಸಾಹೇಬರು ಬಂದ ದಿನ

ಅವರ ಶಾಲೆಗಳಲ್ಲಿ ಒಂದು ಪದ್ಧತಿ ಇದೆ. ಒಬ್ಬ ಮೇಷ್ಟರು ಪಾಠ ಮಾಡುವಾಗ ಉಳಿದ ಮೇಷ್ಟರೆಲ್ಲ ತರಗತಿಯ ಹಿಂದೆ ನಿಂತು ನೋಡುತ್ತಾರೆ, ಆಮೇಲೆ ಕೂತು ಅದರ ಗುಣದೋಷ ಮಾತಾಡುತ್ತಾರೆ. ನಮ್ಮ ಕಡೆ ಹಾಗೆ ಮಾಡಿದರೆ ಮಾರನೆಯ ದಿನ ಮೇಷ್ಟರುಗಳಿಗೆ ಮಾತುಕತೆಯೇ ಇರುವುದಿಲ್ಲ. ಫೆಬ್ರವರಿಯಲ್ಲಿ ಹೆಡ್‌ಮಾಸ್ಟರು ನನ್ನನ್ನು ಕರೆದು ಟೀ ಕೊಟ್ಟು, ಅಷ್ಟರಲ್ಲಿ ನನಗೆ ತಿಳಿಯುತ್ತಿದ್ದ ಅಷ್ಟಿಷ್ಟು ಜಪಾನಿಯಲ್ಲಿ, ವಿದ್ಯಾ ಇಲಾಖೆಯ ಸಾಹೇಬರು ಬರುತ್ತಾರೆ, ಒಂದೇ ತರಗತಿಗೆ ಮೊದಲು ಮೊರಿಟಾ ಅವರು, ಆಮೇಲೆ ನೀವು ಪಾಠ ಮಾಡಿ ಎಂದರು. ಬೇರೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಸಾಹೇಬರಿಗೆ ತಾನೇ ಕಾಣುತ್ತದೆ, ಯಾರೂ ಬಾಯಿ ಬಿಟ್ಟು ಮುದುಕರ ಮನಸ್ಸು ನೋಯಿಸಬೇಕಾಗಿಲ್ಲ. ಇದು ಅವರ ಲೆಕ್ಕದಲ್ಲಿ ದಯೆ. ಎದುರಿಗೆ ನಿಂತು ಬೈದು ಕಳಿಸುವ ನಮ್ಮ ಕ್ರೌರ್ಯವೇ ಮೇಲು ಎಂದು ಅಂದು ನನಗೆ ಅನ್ನಿಸಿತು.

ಹಿಂದಿನ ದಿನ ಮನೆಯಲ್ಲಿ ನಾನು ಮೇಷ್ಟರಿಗೆ, "ನಾಳೆ ನನ್ನ ಗಂಟಲು ಕಟ್ಟುವ ಹಾಗಿದೆ ಸಾರ್. ಪಾಠ ಅಷ್ಟೇನೂ ಚೆನ್ನಾಗಿ ಬರಲಾರದು," ಎಂದೆ.

ಅವರು ಟೀ ಬಟ್ಟಲನ್ನು ಕೆಳಗಿಟ್ಟರು. "ತಾವು ನನಗೋಸ್ಕರವಾಗಿ ಕೆಟ್ಟ ಪಾಠವನ್ನು ಮಾಡುವಿರಾದರೆ, ಇಷ್ಟು ತಿಂಗಳು ನನ್ನ ಹೆಂಡತಿಯು ತಮಗೆ ಬಡಿಸಿದ್ದು ವ್ಯರ್ಥವಾಯಿತು," ಎಂದರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ತರಗತಿಯ ಹಿಂದೆ ಸಾಹೇಬರು, ಹೆಡ್‌ಮಾಸ್ಟರು, ಉಳಿದ ಮೇಷ್ಟರು, ನಾನು ಸಾಲಾಗಿ ನಿಂತೆವು. ಮೊರಿಟಾ ಮೇಷ್ಟರು ಹಲಗೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಒಂದು ವಾಕ್ಯ ಬರೆದು, ಓದಿ, ಎಂದಿನಂತೆ ತುಂಡು ಮಾಡಿ ವಿವರಿಸಿದರು. ಹುಡುಗರು ಎಂದಿನಂತೆ ಕಲ್ಲಾಗಿ ಕೂತಿದ್ದರು. ಸಾಹೇಬರು ಒಮ್ಮೆ ಗಡಿಯಾರ ನೋಡಿಕೊಂಡರು. ವಾಕ್ಯದ ನಡುವೆ 'ವರ್ಲ್ಡ್' ಬಂತು. ಮೇಷ್ಟರು ಅಲ್ಲಿ ಒಂದು ಕ್ಷಣ ನಿಂತು, ಉಸಿರೆಳೆದುಕೊಂಡು, ಸರಿಯಾಗಿ ಹೇಳಿದರು. ಹೇಳಿ, ಎಲ್ಲರ ತಲೆಯ ಮೇಲಿನಿಂದ ನನ್ನನ್ನು ನೋಡಿದರು. ಶ್ರೀನಿವಾಸಪುರದಲ್ಲಿ ಮಗ್ಗಿ ತಪ್ಪದೆ ಒಪ್ಪಿಸಿದ ಹುಡುಗ ನನ್ನನ್ನು ಹಾಗೆ ನೋಡುತ್ತಿದ್ದ. ಆ ಕೋಣೆಯಲ್ಲಿ ಅದು ಎಷ್ಟು ದೊಡ್ಡ ಸಂಗತಿ ಎಂದು ತಿಳಿದವನು ನಾನೊಬ್ಬನೇ.

ಅವರ ಪಾಠ ಮುಗಿಯಿತು. ನಾನು ಮುಂದೆ ಹೋಗಬೇಕು. ಮುಂದಿನದನ್ನು ಯೋಚಿಸಿ ಮಾಡಿದೆ ಎಂದರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಪರೀಕ್ಷೆಗೆ ಹೊರಡುವಾಗ, ಹೊಸ ಕೆಲಸಕ್ಕೆ ಕೈ ಹಾಕುವಾಗ, ಹತ್ತಿರ ಯಾರು ಹಿರಿಯರಿದ್ದಾರೋ ಅವರ ಕಾಲಿಗೆ ಬೀಳುವುದು ರೂಢಿ. ಕೈಕಾಲಿಗೆ ತಾನಾಗಿ ಬಂದುಬಿಡುತ್ತದೆ. ಚಾಕ್‌ಪೀಸು ಕೊಡಲು ಕೈ ಚಾಚಿದ ಮೇಷ್ಟರ ಎರಡು ಪಾದಗಳನ್ನು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಚಾಕ್‌ಪೀಸು ಬಿತ್ತೆಂದು ಅವರೂ ಬಗ್ಗಿದರು. ನಮ್ಮಿಬ್ಬರ ತಲೆ ಡಿಕ್ಕಿ ಹೊಡೆದವು. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಮನುಷ್ಯರು ಮನುಷ್ಯರನ್ನು ಮುಟ್ಟದ ಆ ದೇಶದಲ್ಲಿ ಒಬ್ಬ ಮೇಷ್ಟರು ಇನ್ನೊಬ್ಬ ಮೇಷ್ಟರ ಚಪ್ಪಲಿಯ ಮೇಲೆ ಕೈಯಿಟ್ಟಿದ್ದ. ಸಾಹೇಬರು ಏನೋ ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಇವರು ನನ್ನ ಗುರುಗಳು. ನಮ್ಮ ದೇಶದಲ್ಲಿ ಗುರುವಿನ ಕಾಲು ಮುಟ್ಟದೆ ಕೆಲಸ ಶುರುಮಾಡುವುದಿಲ್ಲ. ಈ ದೇಶದಲ್ಲಿ ಹೇಗೆ ಬದುಕಬೇಕು, ಹೇಗೆ ಕಲಿಸಬೇಕು ಎನ್ನುವುದನ್ನು ನಾನು ಇವರ ಮನೆಯಲ್ಲಿ ಕಲಿತೆ."

ಅದನ್ನು ಜಪಾನಿಯಲ್ಲಿ ಹೇಳಬೇಕಾದವರು ಮೊರಿಟಾ ಅವರೇ. ತಮ್ಮ ಹೊಗಳಿಕೆಯನ್ನು ತಮ್ಮ ಬಾಯಿಂದ ಹೇಗೆ ಹೇಳಿಯಾರು? ಕೆಂಪಗಾಗಿ ನೆಲ ನೋಡುತ್ತ ನಿಂತರು. ಹೆಡ್‌ಮಾಸ್ಟರು ಹಲ್ಲುಗಳ ನಡುವೆ ಗಾಳಿ ಎಳೆದುಕೊಂಡರು. ಆಗ ತರಗತಿಯ ಮಾನಿಟರು ಎದ್ದು, ಯಾರೂ ಕೇಳದೆ, ನನ್ನ ಮಾತನ್ನು ಒಂದೊಂದೇ ವಾಕ್ಯವಾಗಿ ಜಪಾನಿಯಲ್ಲಿ ಹೇಳಿದ. ಅವನ ಮುಂದಿನ ಹುಡುಗರು ಸರಿ ಎಂದು ತಲೆಯಾಡಿಸುತ್ತಿದ್ದರು. ಅಂದರೆ ಇಡೀ ತರಗತಿಗೆ ಅರ್ಥವಾಗಿತ್ತು. ವಾಕ್ಯವನ್ನು ತುಂಡು ಮಾಡಿ ಜೋಡಿಸುವುದನ್ನು ಅವರಿಗೆ ಕಲಿಸಿದವನು ನಾನಲ್ಲ.

ಸಾಹೇಬರು ಮುಂದೆ ಬಂದು ಮೊರಿಟಾ ಮೇಷ್ಟರಿಗೆ ನಡು ಬಗ್ಗಿಸಿ ನಮಸ್ಕರಿಸಿದರು. ಸಾಹೇಬರು ಬಗ್ಗಿದ ಮೇಲೆ ಹೆಡ್‌ಮಾಸ್ಟರು ಬಗ್ಗದೆ ಇರುವ ಹಾಗಿಲ್ಲ. ಆಮೇಲೆ ನಾನು ಏನು ಪಾಠ ಮಾಡಿದೆನೋ ನನಗೆ ನೆನಪಿಲ್ಲ.

ಹೂರಣ

ಇನ್ನು ಇವರನ್ನು ಅಲ್ಲಾಡಿಸುವವರು ಯಾರೂ ಇಲ್ಲ ಎಂದು ನಾನು ಬೀಗಿದೆ. ಮಾರನೆಯ ದಿನ ಶಾಲೆ ಮುಗಿಸಿ ಪೇಟೆಗೆ ಹೋಗಿ ಸಿಹಿ ಕೊಂಡೆ. ಅವರ ಸಿಹಿಯ ಹೊಟ್ಟೆಯಲ್ಲಿ ಕಾಳು ಬೇಯಿಸಿ ರುಬ್ಬಿದ ಹೂರಣವಿರುತ್ತದೆ, ನಮ್ಮ ಒಬ್ಬಟ್ಟಿನ ಹೂರಣಕ್ಕೆ ದೂರದ ನೆಂಟ. ಮನೆಗೆ ಬಂದರೆ ಮೇಷ್ಟರು ಮದುವೆ ಮಸಣಗಳಿಗೆ ಮಾತ್ರ ಹಾಕುವ ಕರಿಯ ರೇಷ್ಮೆಯ ಉಡುಪಿನಲ್ಲಿ ಮಂಡಿಯೂರಿ ಕೂತಿದ್ದರು. ಪಕ್ಕದಲ್ಲಿ ಓಕುಸಾನ್. ನನ್ನನ್ನು ಎದುರಿಗೆ ಕೂರಿಸಿದರು.

"ಇಂದು ನಾನು ಹೆಡ್‌ಮಾಸ್ಟರವರಿಗೆ ನನ್ನ ರಾಜೀನಾಮೆಯನ್ನು ಒಪ್ಪಿಸಿದೆನು. ಮಾರ್ಚಿಯ ಕೊನೆಗೆ ಬಿಡುವೆನು."

"ಯಾಕೆ ಸಾರ್? ಇನ್ನು ಅವರು ನಿಮ್ಮನ್ನು ಕಳಿಸುವುದಕ್ಕೆ ಆಗುವುದಿಲ್ಲವಲ್ಲ."

"ಆಗುವುದಿಲ್ಲ. ಆದ್ದರಿಂದಲೇ," ಎಂದರು. "ನಿನ್ನೆಯವರೆಗೆ ನಾನು ಹೊರಗೆ ಹಾಕಲ್ಪಡುವವನಾಗಿದ್ದೆನು. ಅಂಥವನು ತಾನಾಗಿ ಹೊರಟರೆ ಓಡಿಹೋದನೆನ್ನುವರು. ಇದ್ದರೆ ಅಂಟಿಕೊಂಡನೆನ್ನುವರು. ಎರಡರಲ್ಲಿಯೂ ನನಗೆ ದಾರಿಯಿರಲಿಲ್ಲ. ನಿನ್ನೆ ತಾವು ಎಲ್ಲರ ಎದುರಿಗೆ ನನ್ನ ಶಿಷ್ಯನಾದಿರಿ. ಗುರುವು ಶಿಷ್ಯನಿಗೆ ಜಾಗ ಬಿಟ್ಟು ಏಳುವುದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿದೆ."

ನನಗೆ ಸಿಟ್ಟು ಬಂತು, ದುಃಖವೂ ಬಂತು, ಇಂಗ್ಲಿಷ್ ಪೂರ್ತಿ ಮರೆತುಹೋಯಿತು. "ಅಯ್ಯೋ, ಅದಕ್ಕಲ್ಲ ಕಣ್ರೀ ನಾನು ಕಾಲಿಗೆ ಬಿದ್ದಿದ್ದು," ಎಂದು ಕನ್ನಡದಲ್ಲೇ ಶುರುಮಾಡಿದೆ. "ನೀವು ಇರ್ಲಿ ಅಂತ ಬಿದ್ದೆ. ಹೋಗ್ಲಿ ಅಂತ ಯಾವನಾದ್ರೂ ಕಾಲಿಗೆ ಬೀಳ್ತಾನೇನ್ರೀ? ಈ ಜಾಗ ನಂಗ್ಯಾಕೆ? ನಾಳೇನೇ ಹಡಗು ಹತ್ತಿ ಹೋಗ್ತೀನಿ ನಾನು."

ಅವರು ಒಂದು ಮಾತೂ ಅರ್ಥವಾಗದೆ, ಎಲ್ಲವೂ ಅರ್ಥವಾದವರಂತೆ, ನನ್ನ ಮಾತು ಮುಗಿಯುವ ತನಕ ತಲೆಯಾಡಿಸುತ್ತ ಕೇಳಿದರು. ಆಮೇಲೆ ಇಬ್ಬರೂ ಹಣೆ ಚಾಪೆಗೆ ತಾಗುವ ಹಾಗೆ ನನಗೆ ನಮಸ್ಕರಿಸಿದರು. ನಾನು ಹಡಗು ಹತ್ತಿದರೆ ಆ ನಮಸ್ಕಾರವನ್ನು ಅವರು ಎಲ್ಲಿ ಇಟ್ಟುಕೊಳ್ಳಬೇಕು? ಓಕುಸಾನ್ ಪೊಟ್ಟಣ ಬಿಚ್ಚಿ ಸಿಹಿಯನ್ನು ಮೂರು ಪಾಲು ಮಾಡಿದರು. ಇಬ್ಬರೂ ತಿಂದರು. ಕೊನೆಗೆ ನಾನೂ ತಿಂದೆ.

ಅವರಿಗೆ ಕೆಲಸ ಬೇಕಾಗಿದೆ ಎಂದು ಇಷ್ಟು ತಿಂಗಳು ನಾನು ಅಂದುಕೊಂಡಿದ್ದೆ. ಅವರಿಗೆ ಬೇಕಾಗಿದ್ದದ್ದು ತಲೆಯೆತ್ತಿಕೊಂಡು ಬಾಗಿಲು ದಾಟುವುದು. ಅದನ್ನು ನಾನು ತಿಳಿಯದೆ ಕೊಟ್ಟೆ, ಆದರೂ ಕೊಟ್ಟ ಸಂತೋಷ ನನಗೆ ಇವತ್ತಿಗೂ ಆಗಿಲ್ಲ.

ಏಪ್ರಿಲ್

ಮಾರ್ಚಿಯ ಕೊನೆಯ ದಿನ, ಯಾರನ್ನೂ ಕಳಿಸಿಕೊಡಲು ಕೋಣೆಯಿಂದ ಹೊರಗೆ ಬಾರದ ಹೆಡ್‌ಮಾಸ್ಟರು ಗೇಟಿನ ತನಕ ಬಂದರು. ಹುಡುಗರು ಎರಡು ಸಾಲಾಗಿ ನಿಂತಿದ್ದರು. ಮೇಷ್ಟರು ಎರಡೂ ಸಾಲುಗಳಿಗೆ ತಲೆಬಾಗುತ್ತ, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದುಹೋದರು. ಚೆನ್ನಾಗಿ ಕಾಣುತ್ತಿದ್ದರು ಎಂದು ಹೇಳಲೇಬೇಕು.

ಏಪ್ರಿಲ್ ತಿಂಗಳಲ್ಲಿ ಶಾಲೆಯ ಹೊಸ ವರ್ಷದ ಮೊದಲ ಪಾಠ. ಮಹಡಿಯಿಂದ ಇಳಿದು ಬಂದರೆ ಬಾಗಿಲ ಹತ್ತಿರ ಓಕುಸಾನ್ ಎಂದಿನಂತೆ ಕೂತಿದ್ದರು. ಅವರ ಪಕ್ಕದಲ್ಲಿ ಇಂದು ಮೇಷ್ಟರೂ ಕೂತಿದ್ದರು, ಮನೆಯ ಬಟ್ಟೆಯಲ್ಲಿ. ಹಿಪ್ಪುನೇರಳೆ ಗಿಡ ಚಿಗುರಿದೆ, ಹುಳು ಸಾಕುವ ಹೆಂಡತಿಯ ಜೊತೆ ಇನ್ನು ತಾನೂ ಕೈಜೋಡಿಸುವೆನು ಎಂದರು. ನಾನು ಬೂಟಿನ ಲೇಸು ಕಟ್ಟಿದೆ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದೆ.

"ಹೊತ್ತಾಯಿತು. ಹುಡುಗರು ಕಾಯುತ್ತಿರುವರು," ಎಂದರು ಮೇಷ್ಟರು.

ನಾನು ಹೊರಟೆ. ಶಾಲೆಯ ದಾರಿಯಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲವಿತ್ತು, ಎದುರಿಗೆ ಯಾರೂ ಬರುತ್ತಿರಲಿಲ್ಲ. ನಾನು ಶಾಲೆಯ ಗೇಟಿನ ತನಕ ದಾರಿಯ ಅಂಚಿನಲ್ಲೇ ನಡೆದೆ.